ಕಾಳಜಿ ಕೇಂದ್ರದಲ್ಲಿ ಒಂಟಿ ಮಕ್ಕಳು: ಯಾರ ಕೈಗೆ ಒಪ್ಪಿಸಬೇಕು?

ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಅಫಜಲಪುರದಿಂದ ಯಾದಗಿರಿಯವರೆಗೆ ಭೀಮಾ ದಂಡೆಯ ಊರುಗಳಿಗೆ ನಿದ್ದೆ ಇರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಹಾಗಾಯಿತು, 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಆಯಿತು. ಹೊಳೆ ಬಂದಾಗ ಮಕ್ಕಳ ರಕ್ಷಣೆ ಹೇಗೆ ಎಂದು ಹಲವರು ಕೇಳಿದ್ದಾರೆ. ನಾಲ್ಕು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಜೇವರ್ಗಿ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ. ಹೊಳೆ ಬಂದಾಗ ನಮ್ಮೂರ ಶಾಲೆಯನ್ನೇ ಕಾಳಜಿ ಕೇಂದ್ರ ಮಾಡುತ್ತಾರೆ. ಹೋದ ಸಲ ಒಂಬತ್ತು ವರ್ಷದ ಹುಡುಗಿ, ನಾಲ್ಕು ವರ್ಷದ ಅವಳ ತಮ್ಮ ಪಕ್ಕದ ಮನೆಯವರ ಜೊತೆ ಬಂದಿದ್ದರು. ಅಪ್ಪ ಅವ್ವ ಪುಣೆಗೆ ಗುಳೆ ಹೋಗಿದ್ದರು. ಮಾರನೇ ದಿನ ಒಬ್ಬರು ಬಂದು, "ನಾನು ಇವರ ಕಾಕಾ, ಕರ್ಕೊಂಡು ಹೋಗ್ತೀನಿ" ಎಂದರು. ಏನು ಮಾಡಬೇಕೆಂದು ತಿಳಿಯಲಿಲ್ಲ. ಇನ್ನೊಮ್ಮೆ ಹೀಗಾದರೆ?

ಉತ್ತರ: ಅಕ್ಕಾ, ಮೊದಲು ಇಷ್ಟು ಗಟ್ಟಿ ಮಾಡಿಕೊಳ್ಳಿ. ಸಂಬಂಧಿ ಎಂದು ಯಾರೇ ಬರಲಿ, ಆ ಕ್ಷಣಕ್ಕೇ ಮಗುವನ್ನು ಕಳಿಸಬೇಡಿ. ಬಂದವರು ನಿಜವಾದ ಕಾಕಾನೇ ಇರಬಹುದು. ನಿಜವಾದ ಕಾಕಾ ಅರ್ಧ ದಿನ ಕಾಯುತ್ತಾರೆ. ಕಾಯಲು ಒಪ್ಪದೆ ಗಡಿಬಿಡಿ ಮಾಡುವವರ ಬಗ್ಗೆ ಜಾಸ್ತಿ ಎಚ್ಚರ ಬೇಕು.

ವಿಚಾರಿಸುವಾಗ ಉತ್ತರವನ್ನು ನೀವೇ ಬಾಯಿಗೆ ಕೊಡಬೇಡಿ. "ನೀವು ಶರಣಪ್ಪನ ತಮ್ಮನಾ?" ಎಂದು ಕೇಳಿದರೆ ಯಾರಾದರೂ ಹೌದು ಅನ್ನುತ್ತಾರೆ. ಮಕ್ಕಳ ಪೂರ್ತಿ ಹೆಸರು ಏನು, ಅವ್ವನ ತವರೂರು ಯಾವುದು, ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ಹುಡುಗಿಯನ್ನು ಬೇರೆ ಕಡೆ ಕೂಡಿಸಿ, ಬಂದವರು ಯಾರು, ಇವರ ಮನೆಗೆ ಯಾವಾಗಲಾದರೂ ಹೋಗಿದ್ದೀಯಾ, ಈಗ ಹೋಗಲು ಮನಸ್ಸಿದೆಯಾ ಎಂದು ಮೆಲ್ಲಗೆ ಕೇಳಿ. ಬಂದವರ ಎದುರಿಗೆ ಈ ಮಾತು ಕೇಳಬಾರದು. ಮಗು ಸುಮ್ನೆ ನೆಲ ನೋಡುತ್ತಾ ಕೂತರೆ ಅದನ್ನೂ ಉತ್ತರವೆಂದೇ ತಿಳಿಯಿರಿ.

ಆಮೇಲೆ ತಂದೆ ತಾಯಿಯನ್ನು ಹುಡುಕಿ. ನಂಬರ್ ಯಾರ ಹತ್ತಿರವೂ ಇಲ್ಲ ಅನ್ನಿಸಬಹುದು. ಆದರೆ ಶಾಲೆಯ ದಾಖಲಾತಿಯಲ್ಲಿ ಇರುತ್ತದೆ, ನಿಮ್ಮ ಅಂಗನವಾಡಿ ರಿಜಿಸ್ಟರ್‌ನಲ್ಲಿ ಇರುತ್ತದೆ, ಗುಳೆ ಕರೆದೊಯ್ದ ಮೇಸ್ತ್ರಿಯ ಹತ್ತಿರ ಖಂಡಿತ ಇರುತ್ತದೆ. ವಿಡಿಯೋ ಕಾಲ್ ಮಾಡಿ ಮಕ್ಕಳ ಜೊತೆ ಮಾತಾಡಿಸಿ. ಬಂದವರು ಯಾರು, ಅವರ ಜೊತೆ ಕಳಿಸಬಹುದಾ ಎಂದು ಅಪ್ಪ ಅವ್ವನನ್ನೇ ಕೇಳಿ. ಆ ಮಕ್ಕಳಿಗೆ ಎರಡು ದಿನದಲ್ಲಿ ಸಿಗುವ ಮೊದಲ ಸಮಾಧಾನವೂ ಆ ಕರೆಯೇ.

ಇದರ ಜೊತೆಯಲ್ಲೇ 1098ಕ್ಕೆ ತಿಳಿಸಿ. ಅದು ದಿನದ 24 ಗಂಟೆಯೂ ಇರುವ ಮಕ್ಕಳ ಸಹಾಯವಾಣಿ. 2015ರ ಬಾಲನ್ಯಾಯ ಕಾಯ್ದೆ ಪ್ರಕೃತಿ ವಿಕೋಪಕ್ಕೆ ಸಿಕ್ಕಿದ ಮಗುವನ್ನು ಪಾಲನೆ ಮತ್ತು ರಕ್ಷಣೆ ಬೇಕಾದ ಮಗು ಎಂದೇ ಕರೆಯುತ್ತದೆ. ಪಾಲಕರಿಂದ ಬೇರೆಯಾದ ಮಗು ಕಂಡರೆ 24 ಗಂಟೆಯೊಳಗೆ ಸಹಾಯವಾಣಿ, ಪೊಲೀಸ್, ಮಕ್ಕಳ ಕಲ್ಯಾಣ ಸಮಿತಿ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಲೇಬೇಕು. ಒಂಟಿ ಮಗುವನ್ನು ಯಾರ ವಶಕ್ಕೆ ಕೊಡಬೇಕೆಂದು ತೀರ್ಮಾನಿಸುವುದು ಆ ಸಮಿತಿ. ಅದರ ಹೊರೆಯನ್ನು ನೀವೊಬ್ಬರೇ ಹೊರಬೇಕಿಲ್ಲ. ಸಮಿತಿ ಕೂತಿರದ ದಿನ ಒಬ್ಬ ಸದಸ್ಯರ ಮುಂದೆಯೂ ಮಗುವನ್ನು ಹಾಜರುಪಡಿಸಬಹುದು.

ಇಲ್ಲಿ ಇನ್ನೊಂದು ಮಾತು ಬೇಕು. ತಿಳಿಸಿದ ತಕ್ಷಣ ಮಕ್ಕಳನ್ನು ಬಾಲಮಂದಿರಕ್ಕೆ ಒಯ್ಯುತ್ತಾರೆ ಎಂಬ ಹೆದರಿಕೆ ಊರಲ್ಲಿ ಇದೆ. ಅದರಿಂದಲೇ ಎಷ್ಟೋ ಜನ ಫೋನ್ ಮಾಡುವುದಿಲ್ಲ. ಕಾಯ್ದೆಯ ದೃಷ್ಟಿಯಲ್ಲಿ ಸಂಸ್ಥೆ ಕೊನೆಯ ದಾರಿ. ಪಕ್ಕದ ಮನೆಯವರು ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದರೆ, ಮಕ್ಕಳಿಗೂ ಅವರ ಹತ್ತಿರ ಧೈರ್ಯ ಇದ್ದರೆ, ಅದನ್ನು ಅಧಿಕಾರಿಗಳಿಗೆ ಒತ್ತಿ ಹೇಳಿ. ಅಕ್ಕ ತಮ್ಮನನ್ನು ಬೇರೆ ಮಾಡಬೇಡಿ ಎಂದೂ ಹೇಳಿ. ಮನೆ ಮುಳುಗಿದ ಮಗುವಿಗೆ ಗೊತ್ತಿರುವ ಒಂದು ಮುಖ ಬಹಳ ದೊಡ್ಡ ಆಸರೆ.

ಇನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವುದು. ಹೊಳೆ ಇಳಿದ ಮೇಲೆ ಕೇಂದ್ರ ಮುಚ್ಚುತ್ತದೆ, ಜೀಪುಗಳು ವಾಪಸ್ ಹೋಗುತ್ತವೆ. ಆ ಎರಡು ಮಕ್ಕಳ ಹೆಸರು ಯಾವುದೋ ಪಟ್ಟಿಯಲ್ಲಿ ಉಳಿಯುತ್ತದೆ. ಮಕ್ಕಳ ರಕ್ಷಣೆಯ ಕೆಲಸದಲ್ಲಿ ಇದಕ್ಕೇ ಕೇಸ್‌ವರ್ಕ್ ಎಂಬ ಪದ್ಧತಿ ಇದೆ. ಒಂದು ಮಗುವಿಗೆ ಒಬ್ಬರು ಹೊಣೆ. ಅವರು ಮಗುವಿಗೆ ಏನು ಬೇಕೆಂದು ನೋಡುತ್ತಾರೆ, ಮಗುವನ್ನೂ ಮನೆಯವರನ್ನೂ ಕೇಳಿ ಯೋಜನೆ ಬರೆಯುತ್ತಾರೆ, ಅದರಂತೆ ನಡೆಯಿತಾ ಎಂದು ಮನೆಗೆ ಹೋಗಿ ನೋಡುತ್ತಾರೆ, ಮಗು ಸುರಕ್ಷಿತ ಎಂದು ಖಾತ್ರಿಯಾದ ಮೇಲಷ್ಟೇ ಕಡತ ಮುಚ್ಚುತ್ತಾರೆ. ವಿಪತ್ತಿನ ಕಾಲದ ಮಕ್ಕಳ ರಕ್ಷಣೆಗೆಂದು 2012ರಲ್ಲಿ ಬಂದ, 2019ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾನದಂಡಗಳಿವೆ. ಒಬ್ಬರ ಕೈಯಲ್ಲಿ 25 ಮಕ್ಕಳಿಗಿಂತ ಜಾಸ್ತಿ ಇರಬಾರದು ಎನ್ನುತ್ತವೆ ಅವು. ನಮ್ಮ ಜಿಲ್ಲೆಗಳಲ್ಲಿ ಅಷ್ಟು ಸಿಬ್ಬಂದಿ ಎಲ್ಲಿಂದ ತರೋಣ ಎಂದು ಕೇಳಬಹುದು. ಹಾಗಿದ್ದರೂ ಪ್ರತಿ ಮಗುವಿನ ಹೆಸರಿನ ಮುಂದೆ ಹೊಣೆ ಹೊತ್ತ ಒಬ್ಬರ ಹೆಸರು, ನಂಬರ್ ಇರಲೇಬೇಕು. ಅದು ಯಾರೆಂದು ರಕ್ಷಣಾ ಘಟಕದವರನ್ನು ಕೇಳಿ, ಬರೆದುಕೊಂಡ ಮೇಲೆಯೇ ಅವರನ್ನು ಬಿಡಿ.

ಪ್ರಶ್ನೆ: ನಾವು ಕಲಬುರಗಿಯ ಯುವಕರ ಗುಂಪು. ಕೇಂದ್ರಗಳಿಗೆ ಬಟ್ಟೆ, ಬಿಸ್ಕತ್ತು ಒಯ್ಯುತ್ತೇವೆ. ಮಕ್ಕಳ ಫೋಟೋ ಹಾಕಿದರೆ ದಾನ ಜಾಸ್ತಿ ಬರುತ್ತದೆ. ತಪ್ಪೇ? ನಮ್ಮಲ್ಲಿ ಒಬ್ಬ ದಂಪತಿ ಅನಾಥ ಮಗು ಸಿಕ್ಕರೆ ಸಾಕುತ್ತೇವೆ ಎನ್ನುತ್ತಿದ್ದಾರೆ.

ಉತ್ತರ: ಫೋಟೋ ಬೇಡ. ರಕ್ಷಣೆ ಬೇಕಾದ ಮಗುವಿನ ಹೆಸರು, ಶಾಲೆ, ಚಿತ್ರ ಬಹಿರಂಗ ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕಾಯ್ದೆ ಹಾಗಿರಲಿ. ತಂದೆ ತಾಯಿ ಜೊತೆಗಿಲ್ಲದ ಮಗು ಇಂಥ ಶಾಲೆಯಲ್ಲಿದೆ ಎಂದು ಊರಿಗೆಲ್ಲ ಸಾರಿದರೆ ಅದನ್ನು ಯಾರು ಯಾರು ಓದುತ್ತಾರೆ, ಯೋಚಿಸಿ. ಅಡುಗೆ ಪಾತ್ರೆ, ನೀರು ನಿಂತ ಹೊಲ, ಬಿದ್ದ ಗೋಡೆ ತೋರಿಸಿ. ದಾನ ಬರುತ್ತದೆ.

ಆ ದಂಪತಿಯ ಮನಸ್ಸು ದೊಡ್ಡದು. ಆದರೆ ಹೊಳೆ ಬಂದ ವಾರ ಒಂಟಿಯಾಗಿ ಕಂಡ ಮಗು ಅನಾಥ ಆಗಿರಬೇಕೆಂದಿಲ್ಲ. ಅಪ್ಪ ಅವ್ವ ಇನ್ನೊಂದು ಕೇಂದ್ರದಲ್ಲಿ ಹುಡುಕುತ್ತಿರಬಹುದು. ಹುಡುಕಾಟ ಮುಗಿದು, ಸಮಿತಿ ಆ ಮಗುವನ್ನು ದತ್ತುವಿಗೆ ಮುಕ್ತ ಎಂದು ಘೋಷಿಸಿದ ಮೇಲಷ್ಟೇ ದತ್ತು. ಅವರು ಈಗಲೇ ಕೇಂದ್ರ ದತ್ತು ಪ್ರಾಧಿಕಾರದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಲಿ.

ಪ್ರಶ್ನೆ: ಹೊಳೆ ಬಂದು ಹೋದಾಗಿನಿಂದ ನನ್ನ ಏಳು ವರ್ಷದ ಮಗ ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಮಾಡುತ್ತಾನೆ. ಮಳೆ ಸದ್ದು ಕೇಳಿದರೆ ಅಳುತ್ತಾನೆ. ಗಾಳಿ ಹಿಡಿದಿದೆ ಎನ್ನುತ್ತಾರೆ ನಮ್ಮ ಅತ್ತೆ.

ಉತ್ತರ: ಅವನು ಹೆದರಿದ್ದಾನೆ ತಾಯಿ, ಅಷ್ಟೇ. ಇಂಥ ಹೊತ್ತಿನಲ್ಲಿ ಬಹಳ ಮಕ್ಕಳು ಹೀಗೆ ಮಾಡುತ್ತಾರೆ. ಬೈಯಬೇಡಿ, ನಾಲ್ಕು ಜನರ ಮುಂದೆ ಹೇಳಬೇಡಿ. ಹತ್ತಿರ ಮಲಗಿಸಿಕೊಳ್ಳಿ. ಊಟ, ಆಟ, ಶಾಲೆ ಮೊದಲಿನ ಹೊತ್ತಿಗೇ ನಡೆಯಲಿ. ಆ ರಾತ್ರಿಯ ಕಥೆಯನ್ನು ಬಂದವರಿಗೆಲ್ಲ ಹೇಳು ಎಂದು ಒತ್ತಾಯಿಸಬೇಡಿ. ತಾನಾಗಿ ಹೇಳಿದರೆ ಪೂರ್ತಿ ಕೇಳಿ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಒಂದು ತಿಂಗಳಾದರೂ ಕಡಿಮೆಯಾಗದಿದ್ದರೆ, ಊಟ ಬಿಟ್ಟರೆ, ಮಾತು ಬಿಟ್ಟರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಿರಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ: ನಾನು ಶಹಾಪುರ ತಾಲ್ಲೂಕಿನ ಪ್ರೌಢಶಾಲೆ ಶಿಕ್ಷಕಿ. ಹತ್ತಿ, ತೊಗರಿ ಎರಡೂ ನೀರುಪಾಲಾದ ಮೇಲೆ ನನ್ನ ಹತ್ತನೇ ತರಗತಿಯ ಹುಡುಗಿಗೆ ಮದುವೆ ಗೊತ್ತು ಮಾಡಿದ್ದಾರೆ. ಅವಳಿಗೆ ಹದಿನಾರು. ದೂರು ಕೊಟ್ಟರೆ ಅವಳನ್ನು ಶಾಲೆಯನ್ನೇ ಬಿಡಿಸುತ್ತಾರೆ ಎಂಬ ಭಯ.

ಉತ್ತರ: ಮೇಡಂ, ದಿನ ಹತ್ತಿರ ಇದ್ದರೆ ಇವತ್ತೇ 1098ಕ್ಕೆ ಹೇಳಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ ತಿಳಿಸಿ. ನಿಮ್ಮ ಹೆಸರನ್ನು ಗುಟ್ಟಾಗಿಡಲು ಕೇಳಿಕೊಳ್ಳಿ. ಕರ್ನಾಟಕದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ, ಅಂದರೆ ಆ ಮದುವೆ ಆದರೂ ಕಾಯ್ದೆಯ ಲೆಕ್ಕದಲ್ಲಿ ಆಗಿಲ್ಲ. ಮಾಡಿಸಿದವರಿಗೆ ಎರಡು ವರ್ಷದವರೆಗೆ ಕಠಿಣ ಸಜೆ ಇದೆ.

ಆದರೆ ಚಪ್ಪರ ಕಿತ್ತು ಹೋದರೆ ಕೆಲಸ ಮುಗಿಯಲಿಲ್ಲ. ಮನೆಯಲ್ಲಿ ಕಾಳಿಲ್ಲ, ಸಾಲ ಇದೆ, ಅಪ್ಪ ಅವ್ವ ಗುಳೆ ಹೊರಟಿದ್ದಾರೆ. ವಯಸ್ಸಿಗೆ ಬಂದ ಮಗಳನ್ನು ಯಾರ ಹತ್ತಿರ ಬಿಡುವುದು ಎಂಬುದೇ ಅವರ ಚಿಂತೆ. ಆ ಚಿಂತೆಗೆ ದಾರಿ ತೋರಿಸದಿದ್ದರೆ ಮುಂದಿನ ತಿಂಗಳು ಬೇರೆ ಊರಲ್ಲಿ ಗುಟ್ಟಾಗಿ ತಾಳಿ ಕಟ್ಟಿಸುತ್ತಾರೆ. ಹಾಸ್ಟೆಲ್ ಸೀಟಿಗೆ ಮುಖ್ಯೋಪಾಧ್ಯಾಯರಿಂದಲೇ ಪತ್ರ ಬರೆಸಿ. ಮಿಷನ್ ವಾತ್ಸಲ್ಯ ಎಂಬ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಲ್ಲಿ, ಅಂದರೆ ಕಷ್ಟದಲ್ಲಿರುವ ಕುಟುಂಬದ ಮಗುವಿಗೆ ಕೊಡುವ ನೆರವಿನಲ್ಲಿ, ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯ ಕುಟುಂಬದ ವರಮಾನ ವರ್ಷಕ್ಕೆ 72,000 ರೂಪಾಯಿ ಮೀರಿರಬಾರದು. ವಿಪತ್ತಿಗೆ ಸಿಕ್ಕ ಮಕ್ಕಳೂ ಇದಕ್ಕೆ ಅರ್ಹರು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಬೇಕು.

ಹುಡುಗಿಗೆ ಏನು ಬೇಕೆಂದು ಅವಳನ್ನೇ ಕೇಳಿದ್ದೀರಾ? ಮನೆಗೆ ಅಧಿಕಾರಿಗಳು ಬರುತ್ತಾರೆ ಎಂಬುದನ್ನು ಅವಳಿಗೆ ಮೊದಲೇ ತಿಳಿಸಿ. ಅವರು ಹೋದ ರಾತ್ರಿ ಬೈಗುಳ, ಏಟು ಬೀಳುವುದು ಅವಳ ಮೇಲೆ. ಆ ರಾತ್ರಿ ಅವಳು ಸೋದರತ್ತೆಯ ಮನೆಯಲ್ಲೋ, ನಂಬುವ ಇನ್ನೊಬ್ಬರ ಹತ್ತಿರವೋ ಇರಬಹುದಾ ಎಂದು ಮುಂಚೆಯೇ ಗೊತ್ತು ಮಾಡಿ. ಮರುದಿನ ಅವಳು ಶಾಲೆಗೆ ಬಾರದಿದ್ದರೆ ಸಂಜೆಯೊಳಗೆ ಅವಳ ಮನೆಗೆ ಹೋಗಿ ಬನ್ನಿ.