ನಡುವೆ ಬಂದರೆ ತಪ್ಪೇನಿಲ್ಲ

ನಮಸ್ಕಾರ,

ಇಂಗ್ಲಿಷ್ ಕಲಿಯುವವರಿಗಾಗಿ ನೀವು ಬರೆದ ಲೇಖನ ಓದಿದೆ. ನೇರವಾಗಿಯೇ ಹೇಳುತ್ತೇನೆ, ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಬರವಣಿಗೆ ಸಲೀಸಾಗಿದೆ. ನೀವು ಹೇಳಿಕೊಡುವ ನಿಯಮವೇ ತಪ್ಪು.

ಸಹಾಯಕ ಕ್ರಿಯಾಪದಕ್ಕೂ (ಹ್ಯಾಸ್, ವಿಲ್ ಇಂಥವು) ಮುಖ್ಯ ಕ್ರಿಯಾಪದಕ್ಕೂ ನಡುವೆ ಕ್ರಿಯಾವಿಶೇಷಣ, ಅಂದರೆ ಕೆಲಸ ಯಾವಾಗ, ಹೇಗೆ ಆಯಿತೆಂದು ಹೇಳುವ ಪದ, ಬರಲೇಬಾರದು ಎಂದಿದ್ದೀರಿ. ನೀವೇ ತಿದ್ದಿದ 'ಶಿ ಆಲ್ವೇಸ್ ಹ್ಯಾಸ್ ಲಿವ್ಡ್ ಹಿಯರ್' ಒಮ್ಮೆ ಜೋರಾಗಿ ಓದಿ ನೋಡಿ. ಯಾರ ಜೊತೆಗೋ ವಾದಕ್ಕೆ ಇಳಿದ ಹಾಗಿದೆ, ಅಲ್ವಾ? 'ಶಿ ಹ್ಯಾಸ್ ಆಲ್ವೇಸ್ ಲಿವ್ಡ್ ಹಿಯರ್' ಅನ್ನುವುದೇ ಸಹಜ. ಆಲ್ವೇಸ್, ನೆವರ್, ಆಲ್ರೆಡಿ ಇಂಥವು ಸಾಮಾನ್ಯವಾಗಿ ಮೊದಲ ಸಹಾಯಕ ಕ್ರಿಯಾಪದದ ಬೆನ್ನಿಗೇ ಬರುತ್ತವೆ. ಸಹಾಯಕ ಎರಡಿದ್ದರೂ ಅಷ್ಟೇ: 'ದ ವಾಲ್ ಹ್ಯಾಸ್ ನೆವರ್ ಬೀನ್ ಪೇಂಟೆಡ್'. ಆದರೆ ಕೆಲಸ ಹೇಗೆ ಆಯಿತು ಅನ್ನುವ ಪದ ಮುಖ್ಯ ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ: 'ಹ್ಯಾಸ್ ಬೀನ್ ಬ್ಯಾಡ್ಲಿ ಪೇಂಟೆಡ್'. ಓದುಗರಿಗೆ ಬೇಕಿರುವುದು ಈ ವ್ಯತ್ಯಾಸ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ಈ ಇಲ್ಲದ ನಿಯಮದ ಭಯ ದೊಡ್ಡವರನ್ನೂ ಬಿಟ್ಟಿಲ್ಲವೇನೋ. 2009ರ ಜನವರಿ 20ರಂದು ಒಬಾಮ ಪ್ರಮಾಣವಚನ ತೆಗೆದುಕೊಂಡಾಗ ಏನಾಯಿತು ನೋಡಿ. ಅಮೆರಿಕದ ಸಂವಿಧಾನದಲ್ಲಿರುವುದು 'ವಿಲ್ ಫೇತ್‌ಫುಲಿ ಎಕ್ಸಿಕ್ಯೂಟ್'. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಹೇಳಿಕೊಡುವಾಗ 'ಫೇತ್‌ಫುಲಿ'ಯನ್ನು ಕೊನೆಗೆ ತಳ್ಳಿಬಿಟ್ಟರು. ಒಬಾಮ ತಡವರಿಸಿದರು. ಮರುದಿನ ಶ್ವೇತಭವನದಲ್ಲಿ ಇನ್ನೊಮ್ಮೆ ಪ್ರಮಾಣ ಮಾಡಿಸಬೇಕಾಯಿತು. ಕ್ರಿಯಾಪದ ಒಡೆಯಬಾರದೆಂಬ ರಾಬರ್ಟ್ಸ್ ಅವರ ಹಟವೇ ಇದಕ್ಕೆ ಕಾರಣ ಎಂದು ಭಾಷಾತಜ್ಞ ಸ್ಟೀವನ್ ಪಿಂಕರ್ ಬರೆದರು. ಸುಮ್ನೆ ನಾಲಿಗೆ ತೊಡರಿದ್ದೂ ಇರಬಹುದು. ಆದರೂ ಲೇಖನ ಶುರುಮಾಡಲು ಇದು ಒಳ್ಳೆಯ ಪ್ರಸಂಗ, ಬೇಕಾದರೆ ಬಳಸಿಕೊಳ್ಳಿ.

ನಮ್ಮವರು ಜಾಸ್ತಿ ಎಡವುವುದು ಬೇರೆ ಕಡೆ. 'ಐ ಟೋಲ್ಡ್ ಹಿಮ್ ಯೆಸ್ಟರ್‌ಡೇ ಓನ್ಲಿ' ಅನ್ನುತ್ತೇವೆ. 'ನಿನ್ನೆಯೇ ಹೇಳಿದ್ದೆ' ಅನ್ನುವ ಅಭ್ಯಾಸ ಅಲ್ಲಿ ಹಾಗೇ ಇಳಿದಿದೆ. 'ವೈ ಯು ಆರ್ ಆಲ್ವೇಸ್ ಕಮಿಂಗ್ ಲೇಟ್' ಕೂಡ ದಿನಾ ಕಿವಿಗೆ ಬೀಳುತ್ತದೆ. ಇಲ್ಲಿ 'ಆಲ್ವೇಸ್' ಸರಿಯಾಗೇ ಇದೆ, 'ಯು ಆರ್' ಅದಲುಬದಲಾಗಬೇಕು. ಇಂಥವುಗಳ ಮೇಲೆ ನಿಮ್ಮ ಲೇಖನದಲ್ಲಿ ಒಂದೇ ಒಂದು ಸಾಲಿಲ್ಲ.

ಇನ್ನೊಂದು ಮಾತು. ಜೊತೆಗಿಟ್ಟ ಪತ್ರದಲ್ಲಿ ನೀವೇ 'ಐ ಹ್ಯಾವ್ ಆಲ್ವೇಸ್ ಎಂಜಾಯ್ಡ್ ಯುವರ್ ಮ್ಯಾಗಜೀನ್' ಎಂದು ಬರೆದಿದ್ದೀರಿ. ಬಹಳ ಸೊಗಸಾದ ಇಂಗ್ಲಿಷ್! ಆ ಕಿವಿಯನ್ನೇ ನಂಬಿ ಇನ್ನೊಮ್ಮೆ ಬರೆಯಿರಿ. ಮೊದಲ ಎರಡು ಪುಟ ಪೂರ್ತಿ ತೆಗೆದುಹಾಕಿ, ಉದಾಹರಣೆ ಹೆಚ್ಚಿಸಿ, 600 ಪದದೊಳಗೆ ಮುಗಿಸಿ ಕಳಿಸಿ. ಓದುತ್ತೇನೆ.

ಇಂತಿ,
ಸಂಪಾದಕ