ಬಲಿಯೂ ಅಸುರನೇ, ಅವನಿಗ್ಯಾಕೆ ಪೂಜೆ?

ಪ್ರಶ್ನೆ: ನನ್ನ ತವರು ಕುಂದಾಪುರದ ಕಡೆ. ಅಲ್ಲಿ ದೀಪಾವಳಿಯ ಪಾಡ್ಯದ ಸಂಜೆ ಗದ್ದೆಗೆ ಹೋಗಿ ದೀಪ ಇಟ್ಟು ಬಲೀಂದ್ರನನ್ನು ಕೂಗಿ ಕರೆಯುತ್ತೇವೆ. ಇಲ್ಲಿ ಧಾರವಾಡದಲ್ಲಿ ಅತ್ತೆ ಸಗಣಿಯಿಂದ ಪಾಂಡವರನ್ನು ಮಾಡಿ ಬಾಗಿಲಲ್ಲಿ ಇಡುತ್ತಾರೆ. ನರಕಾಸುರ ಸತ್ತದ್ದಕ್ಕೆ ಹಬ್ಬ ಮಾಡಿ ಅದರ ಬೆನ್ನಿಗೇ ಇನ್ನೊಬ್ಬ ಅಸುರನಿಗೆ ಪೂಜೆ ಯಾಕಮ್ಮ ಅಂತ ಮಗ ಕೇಳುತ್ತಾನೆ. ಅಂದಹಾಗೆ, ಫ್ಲ್ಯಾಟಿನಲ್ಲಿ ಹಂಡೆ ಇಲ್ಲ, ನೀರು ತುಂಬುವುದು ಹೇಗೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಹುಡುಗ ಚುರುಕಿದ್ದಾನೆ, ಸುಮ್ನೆ ಗದರಿಸಿ ಕಳಿಸಬೇಡಿ. ನರಕ ಕಸಿದುಕೊಂಡವನು, ಅದಿತಿಯ ಕಿವಿಯ ಓಲೆಯನ್ನೂ ಬಿಡಲಿಲ್ಲ. ಬಲಿ ಕೊಟ್ಟವನು. ವ್ಯತ್ಯಾಸ ಅಷ್ಟೇ, ಆದರೆ ದೊಡ್ಡದು. ಪ್ರಹ್ಲಾದನ ಮೊಮ್ಮಗ ಬೇರೆ. ಗುರು ಶುಕ್ರಾಚಾರ್ಯರು ಬೇಡ ಬೇಡ ಅಂದರೂ, ವಾಮನನಿಗೆ ಮೂರು ಹೆಜ್ಜೆ ಜಾಗ ಕೊಡುತ್ತೇನೆ ಅಂದ ಮಾತಿನಿಂದ ಹಿಂದೆ ಸರಿಯಲಿಲ್ಲ, ಎರಡು ಹೆಜ್ಜೆಗೇ ಎಲ್ಲಾ ಮುಗಿದಾಗ ಮೂರನೆಯದಕ್ಕೆ ತಲೆ ಒಡ್ಡಿದ. ಪಾತಾಳಕ್ಕೆ ಹೋದವನು ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುತ್ತಾನೆ ಅನ್ನುವುದು ನಂಬಿಕೆ. ಕೇರಳದವರಿಗೆ ಅವನು ಬರುವುದು ಓಣಂಗೆ, ನಮಗೆ ಕಾರ್ತಿಕ ಶುದ್ಧ ಪಾಡ್ಯಕ್ಕೆ. ಗದ್ದೆಯ ಅಂಚಿನಲ್ಲಿ ನಿಂತು "ಕೂ" ಹಾಕುವವರಿಗೆ ಅವನು ಅಸುರನಲ್ಲ, ಬೆಳೆ ನೋಡಲು ಬಂದ ಹಳೇ ಯಜಮಾನ.

ಅತ್ತೆಯವರ ಪಾಂಡವರೂ ನಿಮ್ಮ ಬಲೀಂದ್ರನಿಗೆ ದೂರದವರೇನಲ್ಲ. ಅದೇ ಪಾಡ್ಯ, ಅದೇ ಕೊಟ್ಟಿಗೆ. ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸಿದ ಆ ಪುಟ್ಟ ಸಗಣಿ ಉಂಡೆಗಳನ್ನು ಮಗನ ಕೈಯಲ್ಲೇ ಮಾಡಿಸಿ ನೋಡಿ. ಮೂಗು ಮುಚ್ಚಿಕೊಂಡರೂ ಮಾಡುತ್ತಾನೆ. ನಿಮ್ಮ ತವರಲ್ಲೂ ಅವತ್ತೇ ದನಗಳ ಮೈತೊಳೆದು ಕೊರಳಿಗೆ ಹೂವಿನ ಸರ ಹಾಕುತ್ತಾರೆ, ಅಲ್ವಾ?

ಇನ್ನು ನೀರು. ತ್ರಯೋದಶಿಯ ಸಂಜೆ ಬಚ್ಚಲು, ಹಂಡೆ ತಿಕ್ಕಿ ತೊಳೆದು ಹೊಸ ನೀರು ತುಂಬಿಸಿ, ಚತುರ್ದಶಿಯ ಬೆಳಗಿನ ಜಾವ ಎಣ್ಣೆಸ್ನಾನ. ಇಷ್ಟೇ ವಿಷಯ. ಹಂಡೆ ಇಲ್ಲದಿದ್ದರೆ ಬಕೆಟ್ ತೊಳೆದು ತುಂಬಿ, ಸ್ಟೀಲ್ ಕೊಡವಾದರೂ ಆದೀತು. ಎಣ್ಣೆ ಮಾತ್ರ ಬಿಡಬೇಡಿ, ಚಳಿ ಶುರುವಾಗುವ ಹೊತ್ತಿಗೆ ಮೈ ಒಣಗುತ್ತಿರುತ್ತದೆ. ನಮ್ಮಜ್ಜಿ ಹಂಡೆಯ ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತಿದ್ದಳು. ನಾನು ಈಗ ಗೀಸರಿನ ನಲ್ಲಿಗೆ ಒಂದು ಚೆಂಡುಹೂವು ಕಟ್ಟುತ್ತೇನೆ. ಅಜ್ಜಿ ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.