ಉ: ಬೇಸ್‌ಬಾಲ್‌ನಲ್ಲಿ ರಿಲೀಫ್ ಪಿಚರ್ ಫೀಲ್ಡಿಂಗ್ 0.917 ಅಂದ್ರೆ ಕಳಪೆಯಾ?

ಲೀಗಿನ ಪಿಚರ್‌ಗಳ (ಬ್ಯಾಟರ್‌ಗೆ ಚೆಂಡೆಸೆಯುವವರು) ಫೀಲ್ಡಿಂಗ್ ಸರಾಸರಿ, ಅಂದ್ರೆ ಕೈಗೆ ಬಂದ ಚೆಂಡುಗಳಲ್ಲಿ ತಪ್ಪಿಲ್ಲದೆ ನಿಭಾಯಿಸಿದ ಪಾಲು, ಸುಮಾರು 0.950 ಇರುವಾಗ ನಿಮ್ಮ ರಿಲೀವರ್‌ದು (ಪಂದ್ಯದ ಮಧ್ಯೆ ಬರುವ ಪಿಚರ್) 0.917 ಯಾಕೆ ಅಂತ ಕೇಳಿದ್ದೀರಿ. ಮೊದಲು ಅವಕಾಶ ಎಷ್ಟಿತ್ತು ನೋಡಿ. 12 ಚೆಂಡಿನಲ್ಲಿ ಒಂದು ತಪ್ಪಿದರೆ 0.917, ಅದೂ ತಪ್ಪದಿದ್ದರೆ 1.000. ಇಡೀ ಸೀಸನ್ನಿಗೆ ಒಂದೇ ಎರರ್ರು! ಇಷ್ಟಕ್ಕೇ ಕೆಟ್ಟ ಫೀಲ್ಡರ್ ಅನ್ನೋದು ಸುಮ್ನೆ ಮಾತು.

2001ರ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ) 7ನೇ ಪಂದ್ಯ ನೆನಪಿಸಿಕೊಳ್ಳಿ. 9ನೇ ಇನಿಂಗ್ಸ್‌ನಲ್ಲಿ ಡೇಮಿಯನ್ ಮಿಲ್ಲರ್ ಬಂಟ್ ಮಾಡಿದಾಗ (ಬ್ಯಾಟ್ ಬೀಸದೆ ಚೆಂಡನ್ನ ಮೆಲ್ಲಗೆ ತಟ್ಟಿದಾಗ) ಹೆಸರಾಂತ ರಿಲೀವರ್ ಮರಿಯಾನೊ ರಿವೆರಾ ಸೆಕೆಂಡ್ ಬೇಸ್‌ಗೆ ಎಸೆದ ಚೆಂಡು ನೇರ ಸೆಂಟರ್ ಫೀಲ್ಡ್‌ಗೆ ಹೋಯಿತು, ಅದು ಎರರ್. ಮುಂದಿನ ಬ್ಯಾಟರ್ ಜೇ ಬೆಲ್ ಕೂಡ ಬಂಟ್ ಮಾಡಿದರು. ಈ ಸಲ ರಿವೆರಾ ಥರ್ಡ್ ಬೇಸ್‌ಗೆ ಎಸೆದು ಔಟ್ ಮಾಡಿಸಿದರು. ಆ ಎರಡೇ ಚೆಂಡು ಲೆಕ್ಕ ಹಿಡಿದರೆ 0.500. ರಿವೆರಾ ಫೀಲ್ಡಿಂಗ್‌ನಲ್ಲಿ ದಡ್ಡ ಅಂತೀರಾ?

ಸ್ಟಾರ್ಟರ್‌ಗಳ (ಪಂದ್ಯ ಶುರು ಮಾಡುವ ಪಿಚರ್‌ಗಳು) ಜೊತೆ ಹೋಲಿಸಲೇಬೇಡಿ, ಅವರಿಗೆ ಇನಿಂಗ್ಸ್ ಎರಡು ಮೂರು ಪಟ್ಟು ಜಾಸ್ತಿ. ರಿಲೀವರ್‌ಗಳಲ್ಲೂ ಸ್ಟ್ರೈಕ್‌ಔಟ್ (ಬ್ಯಾಟರ್ ಚೆಂಡನ್ನ ಆಟಕ್ಕೆ ತರದೆಯೇ ಔಟ್ ಆಗೋದು) ಮೇಲೆ ಬದುಕುವವರ ಕೈಗೆ ಚೆಂಡು ಬರೋದೇ ಅಪರೂಪ. ಗ್ರೌಂಡ್ ಬಾಲ್ (ನೆಲದ ಮೇಲೆ ಉರುಳುವ ಹೊಡೆತ) ಹೊಡೆಸುವವರದ್ದೇ ಬೇರೆ ಲೆಕ್ಕ. ನಾಲ್ಕೈದು ವರ್ಷದ್ದು ಒಟ್ಟುಗೂಡಿಸಿ, ನಿಮ್ಮ ರಿಲೀವರ್‌ನಂಥ ಬೇರೆ ರಿಲೀವರ್‌ಗಳ ಜೊತೆಗಿಟ್ಟು ನೋಡಿ. ಎಸೆತದಲ್ಲಿ ಆದ ಎರರ್‌ಗಳನ್ನ ಬೇರೆ ಎಣಿಸಿ. ಪಿಚರ್‌ಗಳು ಹೆಚ್ಚಾಗಿ ಎಡವೋದು ಅಲ್ಲೇ, ಅಲ್ವಾ?